ಸಕ್ಕರೆ ಕಾಯಿಲೆ: ತಟ್ಟೆಯಲ್ಲಿ ಎಲ್ಲಿ ಕೈ ತಡೆಯಬೇಕು?

ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ವಾರದಲ್ಲೇ ಎಷ್ಟೋ ಮನೆಗಳ ಅಡುಗೆಮನೆ ಬದಲಾಗುತ್ತದೆ. ಸಕ್ಕರೆ ಡಬ್ಬಿ ಅಟ್ಟ ಸೇರುತ್ತದೆ. ಕಾಫಿಗೆ ಬೆಲ್ಲ ಬರುತ್ತದೆ. ಬೆಳಿಗ್ಗೆ ಲೋಟದ ತುಂಬ ರಾಗಿ ಗಂಜಿ, ಸಂಜೆ ‘ಶುಗರ್ ಫ್ರೀ’ ಬಿಸ್ಕತ್ತು, ನಡುವೆ ಯಾರೋ ಹೇಳಿದರೆಂದು ಹಾಗಲಕಾಯಿ ರಸ. ಮಧ್ಯಾಹ್ನದ ಅನ್ನ ಮಾತ್ರ ಮೊದಲಿದ್ದಷ್ಟೇ ಇರುತ್ತದೆ. ಮೂರು ತಿಂಗಳು ಕಳೆದು ಎಚ್‌ಬಿಎ1ಸಿ ರಕ್ತಪರೀಕ್ಷೆಯ ವರದಿ ಬಂದಾಗ ಅಂಕಿ ಕದಲಿರುವುದಿಲ್ಲ. ‘ಸಿಹಿ ಮುಟ್ಟಿಯೇ ಇಲ್ಲ ಡಾಕ್ಟ್ರೇ, ಆದ್ರೂ ಶುಗರ್ ಯಾಕೆ ಇಳಿದಿಲ್ಲ?’ ಎಂಬ ಮಾತು ನಮ್ಮೂರ ಕ್ಲಿನಿಕ್ಕುಗಳಲ್ಲಿ ದಿನವೂ ಕೇಳಿಬರುತ್ತದೆ.

ಉತ್ತರ ಅವರ ತಟ್ಟೆಯಲ್ಲೇ ಇದೆ. ಹಬ್ಬಕ್ಕೊಮ್ಮೆ ತಿನ್ನುವ ಮೈಸೂರು ಪಾಕಿಗಿಂತ, ದಿನಾ ತಿನ್ನುವ ಮತ್ತು ‘ಇದು ಒಳ್ಳೆಯದು’ ಎಂದು ನಂಬಿ ತಿನ್ನುವ ಪದಾರ್ಥಗಳೇ ಬಹುತೇಕರ ಸಕ್ಕರೆಯನ್ನು ಮೇಲೆ ಹಿಡಿದಿಟ್ಟಿರುತ್ತವೆ. ಯಾವುದನ್ನು ಪೂರ್ತಿ ಬಿಡಬೇಕು, ಯಾವುದಕ್ಕೆ ಅಳತೆ ಹಾಕಬೇಕು, ಯಾವುದರ ಹೆಸರಿಗೆ ಮರುಳಾಗಬಾರದು ಎಂಬುದನ್ನು ನಮ್ಮ ಊಟ–ತಿಂಡಿಯನ್ನೇ ಮುಂದಿಟ್ಟುಕೊಂಡು ನೋಡೋಣ.

ಇದು ಕೆಲವೇ ಮನೆಗಳ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ಎಲ್ಲ ರಾಜ್ಯಗಳಲ್ಲೂ ನಡೆದು 2023ರಲ್ಲಿ ಪ್ರಕಟವಾದ ‘ಇಂಡಿಯಾಬ್’ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಭಾರತೀಯರ ಆಹಾರ ಶಕ್ತಿಯಲ್ಲಿ ಶೇ 62ರಷ್ಟು ಕಾರ್ಬೊಹೈಡ್ರೇಟ್‌ನಿಂದಲೇ ಬರುತ್ತಿದೆ ಎಂಬುದೂ ಇದೇ ಸಮೀಕ್ಷೆಯಿಂದ ತಿಳಿದ ಸಂಗತಿ. ಕಾಯಿಲೆಗೂ ಈ ಊಟಕ್ಕೂ ಇರುವ ನಂಟು ಅರ್ಥವಾದರೆ ಮುಂದಿನದೆಲ್ಲ ಸುಲಭ.

ಮೊದಲು ಕೇಳಬೇಕಾದ ಮೂರು ಪ್ರಶ್ನೆ

ಅನ್ನ, ಚಪಾತಿ, ಮುದ್ದೆ, ರೊಟ್ಟಿ, ಇಡ್ಲಿ, ಆಲೂಗಡ್ಡೆ, ಬಾಳೆಹಣ್ಣು, ಬೆಲ್ಲ ಎಲ್ಲದರಲ್ಲೂ ಇರುವ ಪಿಷ್ಟ ಮತ್ತು ಸಕ್ಕರೆ ಹೊಟ್ಟೆಯಲ್ಲಿ ಒಡೆದು ಗ್ಲೂಕೋಸ್ ಆಗಿ ರಕ್ತ ಸೇರುತ್ತವೆ. ಅದನ್ನು ಜೀವಕೋಶಗಳೊಳಗೆ ಕಳಿಸುವುದು ಇನ್ಸುಲಿನ್. ಮಧುಮೇಹಿಗಳಲ್ಲಿ ಇನ್ಸುಲಿನ್ ಸಾಲದು, ಇಲ್ಲವೇ ಇದ್ದರೂ ಸರಿಯಾಗಿ ಕೆಲಸ ಮಾಡದು. ಹಾಗಿರುವಾಗ ಗ್ಲೂಕೋಸ್ ಒಮ್ಮೆಗೇ ನುಗ್ಗಿದರೆ, ಕಿರುಗಾಲುವೆಗೆ ಕೆರೆಯ ತೂಬು ಪೂರ್ತಿ ತೆಗೆದಂತೆ. ನಿಧಾನವಾಗಿ, ಸ್ವಲ್ಪಸ್ವಲ್ಪವೇ ಬಂದರೆ ದೇಹ ನಿಭಾಯಿಸುತ್ತದೆ.

ಆದ್ದರಿಂದ ಯಾವ ಪದಾರ್ಥ ಎದುರಿಗೆ ಬಂದರೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ತಿನ್ನುತ್ತಿದ್ದೇನೆ? ಯಾವ ರೂಪದಲ್ಲಿ ತಿನ್ನುತ್ತಿದ್ದೇನೆ: ಇಡಿಯಾಗಿಯೋ, ನುಣ್ಣಗೆ ಬೀಸಿಯೋ, ನೀರಾಗಿಸಿಯೋ? ಯಾವುದರ ಜೊತೆ ತಿನ್ನುತ್ತಿದ್ದೇನೆ: ಸೊಪ್ಪು, ಕಾಳಿನ ಜೊತೆಯೋ, ಬರಿದಾಗಿಯೋ? ‘ಇದನ್ನು ತಿನ್ನಬಹುದಾ?’ ಎಂಬ ಒಂದೇ ಪ್ರಶ್ನೆಗೆ ಹೌದು–ಇಲ್ಲ ಎನ್ನುವ ಪಟ್ಟಿಗಳು ಸೋಲುವುದು ಈ ಮೂರನ್ನು ಬಿಟ್ಟುಬಿಡುವುದರಿಂದ.

ಪೂರ್ತಿ ಬಿಡಬೇಕಾದದ್ದು: ಕುಡಿಯುವ ಸಕ್ಕರೆ

ಒಂದೇ ಒಂದು ಬದಲಾವಣೆ ಮಾಡಲು ಸಾಧ್ಯ ಎನ್ನುವವರು ಇಲ್ಲಿಂದ ಶುರು ಮಾಡಲಿ. ದ್ರವರೂಪದ ಸಕ್ಕರೆಯನ್ನು ಅಗಿಯಬೇಕಿಲ್ಲ, ತಡೆಯಲು ನಾರೂ ಇಲ್ಲ. ಕುಡಿದ ಸ್ವಲ್ಪ ಹೊತ್ತಿಗೇ ರಕ್ತದಲ್ಲಿರುತ್ತದೆ. ಹೊಟ್ಟೆಯೂ ತುಂಬುವುದಿಲ್ಲ.

ಕೋಲಾ ಮಾದರಿಯ ತಂಪು ಪಾನೀಯಗಳಲ್ಲಿ 100 ಮಿ.ಲೀ.ಗೆ ಸುಮಾರು 10–11 ಗ್ರಾಂ ಸಕ್ಕರೆ ಇರುತ್ತದೆ. 300 ಮಿ.ಲೀ. ಬಾಟಲಿಯಲ್ಲಿ 30 ಗ್ರಾಂ ದಾಟುತ್ತದೆ, ಅಂದರೆ ಆರು ಚಮಚಕ್ಕೂ ಹೆಚ್ಚು. ದೊಡ್ಡ ಲೋಟ ಕಬ್ಬಿನ ಹಾಲು ಅದಕ್ಕೆ ಕಡಿಮೆಯೇನಿಲ್ಲ. ಗಾಣದ ಮುಂದೆ ನಿಂತು ‘ಕಣ್ಣೆದುರೇ ಹಿಂಡಿದ್ದು, ಕಲಬೆರಕೆ ಇಲ್ಲ’ ಎಂದುಕೊಂಡು ಕುಡಿದರೂ ದೇಹಕ್ಕೆ ಅದು ಸಕ್ಕರೆಯ ನೀರೇ.

ಹಣ್ಣಿನ ರಸಕ್ಕೂ ಇದೇ ಮಾತು. ಒಂದು ಲೋಟ ಕಿತ್ತಳೆ ರಸಕ್ಕೆ ಮೂರ್ನಾಲ್ಕು ಹಣ್ಣು ಬೇಕು. ಅಷ್ಟನ್ನು ಕೂತು ತಿನ್ನುವವರು ಕಡಿಮೆ, ಕುಡಿಯುವುದು ಮಾತ್ರ ಎರಡು ನಿಮಿಷದ ಕೆಲಸ. ನಾರು ಜರಡಿಯಲ್ಲೇ ಉಳಿದಿರುತ್ತದೆ. ಪ್ಯಾಕೆಟ್ ರಸಗಳ ಮೇಲೆ ‘ಶೇ 100 ಹಣ್ಣಿನ ರಸ’ ಎಂದು ಬರೆಯುವುದನ್ನು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವೇ 2024ರ ಜೂನ್‌ನಲ್ಲಿ ನಿಲ್ಲಿಸುವಂತೆ ಸೂಚಿಸಿತು. ಆ ಸಾಲಿಗೆ ಮರುಳಾಗಬೇಡಿ.

ಮನೆಯ ಕಾಫಿ–ಟೀ ಲೆಕ್ಕಕ್ಕೆ ಬರುವುದೇ ಇಲ್ಲ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಸಲ ಕುಡಿದರೆ 35–40 ಗ್ರಾಂ ಸಕ್ಕರೆ. ಒಮ್ಮೆಲೇ ಬಿಡಲು ಆಗದಿದ್ದರೆ ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬನ್ನಿ, ನಾಲಿಗೆ ಹೊಂದಿಕೊಳ್ಳುತ್ತದೆ. ಹೋಟೆಲಿನಲ್ಲಿ ‘ಸಕ್ಕರೆ ಬೇರೆ ಕೊಡಿ’ ಎನ್ನುವ ಅಭ್ಯಾಸವಿರಲಿ. ಹಾಲಿಗೆ ಬೆರೆಸುವ ಮಾಲ್ಟ್ ಪುಡಿ, ಬಾದಾಮಿ ಪುಡಿ, ಸಿಹಿ ಲಸ್ಸಿ, ಫಲೂದಾ, ಸಿಹಿ ಪಾನಕ ಎಲ್ಲವೂ ಇದೇ ಗುಂಪು.

ಬದಲಿಗೆ ಏನು? ನೀರು, ಉಪ್ಪು ಕಡಿಮೆ ಹಾಕಿದ ನೀರು ಮಜ್ಜಿಗೆ, ಸಕ್ಕರೆಯಿಲ್ಲದ ನಿಂಬೆಹಣ್ಣಿನ ನೀರು, ಜೀರಿಗೆ ಕಷಾಯ. ಎಳನೀರಿನಲ್ಲೂ ಸಕ್ಕರೆಯಿದೆ, ಆದರೆ ತಂಪು ಪಾನೀಯಕ್ಕಿಂತ ಬಹಳ ಕಡಿಮೆ. ಸಕ್ಕರೆ ಹತೋಟಿಯಲ್ಲಿರುವವರು ಆಗೊಮ್ಮೆ ಈಗೊಮ್ಮೆ ಒಂದು ಕುಡಿಯಬಹುದು, ಗಂಜಿ ದಪ್ಪವಾದ ಬಲಿತ ಕಾಯಿ ಬೇಡ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಎಳನೀರು ಮುಟ್ಟಬಾರದು. ಅದರಲ್ಲಿರುವ ಪೊಟ್ಯಾಷಿಯಂ ಅವರಿಗೆ ಅಪಾಯ ತರಬಲ್ಲದು.

ಬೆಲ್ಲ, ಜೇನು, ಕಲ್ಲುಸಕ್ಕರೆ: ಹೆಸರು ಬೇರೆ, ಫಲ ಒಂದೇ

ಬೆಲ್ಲದಲ್ಲಿ ಅಲ್ಪಸ್ವಲ್ಪ ಕಬ್ಬಿಣ, ಖನಿಜ ಇರುವುದು ನಿಜ. ಆದರೆ ಅದರ ಬಹುಭಾಗ ಸಕ್ಕರೆಯಲ್ಲಿರುವ ಸುಕ್ರೋಸೇ. ಜೇನುತುಪ್ಪದ ತೂಕದಲ್ಲಿ ಸುಮಾರು ಶೇ 80ರಷ್ಟು ಸಕ್ಕರೆಗಳು. ಜೋನಿ ಬೆಲ್ಲ, ತಾಳೆ ಬೆಲ್ಲ, ಕಲ್ಲುಸಕ್ಕರೆ, ‘ಆರ್ಗ್ಯಾನಿಕ್’ ಕಂದು ಸಕ್ಕರೆ ಯಾವುದೂ ಮಧುಮೇಹಿಗೆ ರಿಯಾಯಿತಿ ಕೊಡುವುದಿಲ್ಲ. ಬೆಲ್ಲದ ಅಪಾಯ ಅದರ ಒಳ್ಳೆಯ ಹೆಸರಿನಲ್ಲಿದೆ. ಸಕ್ಕರೆಯಾದರೆ ಒಂದು ಚಮಚಕ್ಕೆ ಅಂಜುವ ಕೈ, ಬೆಲ್ಲವಾದರೆ ಎರಡು ಅಚ್ಚಿಗೂ ಅಂಜುವುದಿಲ್ಲ.

ಕೃತಕ ಸಿಹಿಕಾರಕಗಳ ಬಗ್ಗೆ ಒಂದು ಮಾತು. ತೂಕ ಇಳಿಸಲು ಇವುಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿತು. ಆದರೆ ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸದು ಎಂದೂ ಅದರಲ್ಲೇ ಇದೆ. ಕಾಫಿಗೆ ಒಂದು ಗುಳಿಗೆ ಹಾಕಿಕೊಳ್ಳುವುದು ಎರಡು ಚಮಚ ಸಕ್ಕರೆಗಿಂತ ಮೇಲು. ಸಿಹಿಯ ಹಂಬಲವೇ ನಿಧಾನಕ್ಕೆ ತಗ್ಗುವುದು ಅದಕ್ಕಿಂತಲೂ ಮೇಲು.

ಅಳತೆ ಹಾಕಬೇಕಾದದ್ದು: ಅನ್ನ

ಕನ್ನಡಿಗರ ಸಕ್ಕರೆ ಲೆಕ್ಕದ ನಿಜವಾದ ಅಖಾಡ ಇದು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ತೌಡೂ ಮೊಳಕೆಯೂ ಹೋಗಿ ಉಳಿಯುವುದು ಮುಖ್ಯವಾಗಿ ಪಿಷ್ಟ. ಊಟ ರಕ್ತದ ಸಕ್ಕರೆಯನ್ನು ಎಷ್ಟು ವೇಗವಾಗಿ ಏರಿಸುತ್ತದೆ ಎನ್ನುವುದಕ್ಕೆ ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಅಳತೆಯಿದೆ. 55ರವರೆಗೆ ಕಡಿಮೆ, 70 ಮತ್ತು ಮೇಲೆ ಹೆಚ್ಚು. ನಮ್ಮ ಮನೆಗಳ ಮೆಚ್ಚಿನ ಸೋನಾ ಮಸೂರಿಗೆ ಚೆನ್ನೈನ ಸಂಶೋಧಕರು ಕಂಡುಕೊಂಡ ಅಂಕಿ 72.

2020ರಲ್ಲಿ ಪ್ರಕಟವಾದ ‘ಪ್ಯೂರ್’ ಅಧ್ಯಯನ 21 ದೇಶಗಳ 1.3 ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿತು. ದಿನಕ್ಕೆ 450 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಿಳಿ ಅನ್ನ ತಿನ್ನುವವರಲ್ಲಿ, 150 ಗ್ರಾಂಗಿಂತ ಕಡಿಮೆ ತಿನ್ನುವವರಿಗಿಂತ ಮಧುಮೇಹ ಹೆಚ್ಚಾಗಿ ಕಾಣಿಸಿಕೊಂಡಿತು. ಈ ನಂಟು ಎಲ್ಲಕ್ಕಿಂತ ಗಾಢವಾಗಿದ್ದುದು ದಕ್ಷಿಣ ಏಷ್ಯಾದಲ್ಲಿ.

450 ಗ್ರಾಂ ಅನ್ನ ಬಹಳ ಎನಿಸಬಹುದು. ಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ. ಸಾರಿಗೊಂದು ಸಲ, ಹುಳಿಗೊಂದು ಸಲ, ಮೊಸರಿಗೊಂದು ಸಲ ಬಡಿಸಿಕೊಂಡರೆ ಒಂದು ಊಟಕ್ಕೇ 300 ಗ್ರಾಂ ಸುಲಭವಾಗಿ ಮುಟ್ಟುತ್ತದೆ. 100 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬೊಹೈಡ್ರೇಟ್. 300 ಗ್ರಾಂಗೆ 84 ಗ್ರಾಂ ಆಯಿತು. ಸಿಹಿ ಮುಟ್ಟದವರ ಸಕ್ಕರೆ ಇಳಿಯದಿರುವ ಗುಟ್ಟು ಈ ಲೆಕ್ಕದಲ್ಲಿದೆ.

ಅನ್ನ ಬಿಡಿ ಎಂದು ಯಾರೂ ಹೇಳಬೇಕಿಲ್ಲ. ಊಟಕ್ಕೆ ಒಂದು ಸಣ್ಣ ಬಟ್ಟಲು, ಅಂದರೆ 100ರಿಂದ 150 ಗ್ರಾಂ, ಒಮ್ಮೆ ಮಾತ್ರ ಬಡಿಸಿಕೊಳ್ಳಿ. ಅನ್ನದ ಪಾತ್ರೆ ಊಟದ ಮೇಜಿನ ಮೇಲೆ ಇರದಿದ್ದರೆ ಎರಡನೇ ಸಲದ ಕೈ ತಾನಾಗಿ ತಡೆಯುತ್ತದೆ. ತಟ್ಟೆಯ ಅರ್ಧ ಭಾಗ ಪಲ್ಯ, ಕೋಸಂಬರಿ, ಸೊಪ್ಪು. ಕಾಲು ಭಾಗ ಬೇಳೆ, ಕಾಳು, ಮೊಟ್ಟೆ, ಮೀನು ಅಥವಾ ಮೊಸರು. ಉಳಿದ ಕಾಲು ಭಾಗ ಅನ್ನ ಅಥವಾ ಮುದ್ದೆ ಅಥವಾ ರೊಟ್ಟಿ. ಈ ‘ಅಥವಾ’ ಮುಖ್ಯ. ಮುದ್ದೆ ಉಂಡ ಮೇಲೆ ‘ಸ್ವಲ್ಪ’ ಅನ್ನ, ಚಪಾತಿ ತಿಂದ ಮೇಲೆ ಮೊಸರನ್ನ ಎಂದರೆ ಎರಡು ಊಟದ ಧಾನ್ಯ ಒಂದರಲ್ಲೇ ಹೋಯಿತು.

ಪಲ್ಯ, ಕೋಸಂಬರಿಯನ್ನು ಮೊದಲು ತಿಂದು ಅನ್ನಕ್ಕೆ ಆಮೇಲೆ ಕೈ ಹಾಕಿದರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ ಎಂಬುದನ್ನು ಅಧ್ಯಯನಗಳು ತೋರಿಸಿವೆ. ನಮ್ಮ ಬಾಳೆಎಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲೇ ಬಂದಿರುತ್ತವೆ. ಅನ್ನ ಬರುವ ಹೊತ್ತಿಗೆ ಅವುಗಳನ್ನು ಮುಗಿಸಿಕೊಂಡಿರಿ.

ಕರಾವಳಿಯವರ ಕುಚಲಕ್ಕಿ ತೌಡು ಪೂರ್ತಿ ಹೋಗದ, ಕುದಿಸಿ ಒಣಗಿಸಿದ ಅಕ್ಕಿಯಾದ್ದರಿಂದ ಬೆಳ್ತಿಗೆಗಿಂತ ಒಂದು ಮಟ್ಟಿಗೆ ಮೇಲು. ಆದರೆ ಬಟ್ಟಲು ತುಂಬ ಗಂಜಿ ಉಂಡರೆ ಆ ಲಾಭ ಅಳತೆಯಲ್ಲೇ ಕರಗುತ್ತದೆ.

ರಾಗಿ ಒಳ್ಳೆಯದು, ಆದರೆ ಹೇಗೆ ತಿನ್ನುತ್ತೀರಿ?

ರಾಗಿಯ ಮೇಲಿನ ನಂಬಿಕೆಗೆ ಆಧಾರವಿದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು, ಬಿಳಿ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಕ್ಯಾಲ್ಸಿಯಂನಲ್ಲಂತೂ ರಾಗಿಗೆ ಸಾಟಿಯಾದ ಧಾನ್ಯ ಇಲ್ಲ. ಆದರೆ ಅದೇ ಕೋಷ್ಟಕದಲ್ಲಿ ರಾಗಿಯ ಕಾರ್ಬೊಹೈಡ್ರೇಟ್ ಸುಮಾರು 67 ಗ್ರಾಂ, ಅಕ್ಕಿಯದು 78 ಗ್ರಾಂ. ಅಂತರ ಇದೆ, ಆದರೆ ಮನಸೋ ಇಚ್ಛೆ ತಿನ್ನುವಷ್ಟಿಲ್ಲ. 100 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ 67 ಗ್ರಾಂ, ಎರಡು ಉಂಡರೆ 134 ಗ್ರಾಂ.

ರೂಪದ ಪ್ರಶ್ನೆ ಇಲ್ಲಿ ದೊಡ್ಡದು. ಅದೇ ಹಿಟ್ಟನ್ನು ನುಣ್ಣಗೆ ಜರಡಿ ಹಿಡಿದು, ನೀರಲ್ಲಿ ಚೆನ್ನಾಗಿ ಬೇಯಿಸಿ, ಬೆಲ್ಲ ಹಾಕಿ ಲೋಟದಲ್ಲಿ ಕುಡಿದರೆ ಸಕ್ಕರೆ ಸರಸರನೆ ಏರುತ್ತದೆ. ರಾಗಿ ಮಾಲ್ಟ್ ಕುಡಿದು ‘ಮಧುಮೇಹದ ತಿಂಡಿ’ ತಿಂದೆವೆಂದುಕೊಳ್ಳುವವರು ಗ್ಲೂಕೋಮೀಟರ್ ಒಮ್ಮೆ ನೋಡಲಿ. ಜರಡಿ ಹಿಡಿಯದ ಹಿಟ್ಟಿನ ಸಣ್ಣ ಮುದ್ದೆಯನ್ನು ಬಸ್ಸಾರು, ಉಪ್ಪೆಸರು, ಅವರೆಕಾಳು ಅಥವಾ ಹುರುಳಿಕಾಳಿನ ಸಾರಿನ ಜೊತೆ, ಬೆಂದ ಸೊಪ್ಪು–ಕಾಳಿನ ಪಲ್ಯ ಧಾರಾಳವಾಗಿ ಹಾಕಿಕೊಂಡು ಉಣ್ಣುವುದು ಸರಿಯಾದ ದಾರಿ. ರಾಗಿ ರೊಟ್ಟಿಗೆ ಈರುಳ್ಳಿ, ನುಗ್ಗೆ ಸೊಪ್ಪು ಬೆರೆಸಿದರೆ ಇನ್ನೂ ಒಳ್ಳೆಯದು.

ಜೋಳಕ್ಕೂ ಇದೇ ಮಾತು. ಉತ್ತರ ಕರ್ನಾಟಕದ ಊಟ ತನ್ನ ಹಳೆಯ ರೂಪದಲ್ಲಿ ಮಧುಮೇಹಿಗೆ ಹೇಳಿ ಮಾಡಿಸಿದಂತಿದೆ: ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಹಸಿ ಸೊಪ್ಪು, ಶೇಂಗಾ ಚಟ್ನಿ, ಮೊಸರು. ಇದನ್ನು ಕೆಡಿಸುವುದು ನಾಲ್ಕನೇ ರೊಟ್ಟಿ ಮತ್ತು ಕೊನೆಯ ಅನ್ನ.

ಬೆಳಗಿನ ತಿಂಡಿಯ ಬಲೆ

ನಮ್ಮ ತಿಂಡಿಗಳಲ್ಲಿ ಹೆಚ್ಚಿನವು ಅಕ್ಕಿ ಅಥವಾ ರವೆಯ ಅವತಾರಗಳು. ಅಕ್ಕಿ ಪಾಲು ಹೆಚ್ಚಿರುವ ಇಡ್ಲಿ, ದೋಸೆ, ನೀರುದೋಸೆ, ಕಡುಬು, ಶಾವಿಗೆ, ಚಿತ್ರಾನ್ನ, ಪೊಂಗಲ್, ತೆಳು ಅವಲಕ್ಕಿ, ಮಂಡಕ್ಕಿ ಎಲ್ಲವೂ ಬೇಗ ಜೀರ್ಣವಾಗುವವು. ಹುಬ್ಬಳ್ಳಿ–ಧಾರವಾಡದ ಗಿರ್ಮಿಟ್ ಹಗುರವೆನಿಸಿದರೂ ಅರಳಿದ ಅಕ್ಕಿ ಸಕ್ಕರೆಯನ್ನು ವೇಗವಾಗಿ ಏರಿಸುತ್ತದೆ. ಹೋಟೆಲಿನ ಚೌಚೌ ಬಾತಿನಲ್ಲಿ ಒಂದು ಕಡೆ ರವೆ, ಇನ್ನೊಂದು ಕಡೆ ರವೆ, ಸಕ್ಕರೆ, ತುಪ್ಪ. ಪೂರಿ–ಸಾಗು, ಮಸಾಲೆ ದೋಸೆಗಳಲ್ಲಿ ಪಿಷ್ಟದೊಳಗೆ ಆಲೂಗಡ್ಡೆಯ ಪಿಷ್ಟ. ಮಂಗಳೂರು ಬನ್ಸ್‌ನಲ್ಲಿ ಮೈದಾ, ಬಾಳೆಹಣ್ಣು, ಸಕ್ಕರೆ, ಎಣ್ಣೆ ಎಲ್ಲ ಒಟ್ಟಿಗೆ.

ಎರಡು ಇಡ್ಲಿಗೆ ಒಂದು ಬಟ್ಟಲು ತರಕಾರಿ ಸಾಂಬಾರ್, ಒಂದು ಬೇಯಿಸಿದ ಮೊಟ್ಟೆ ಅಥವಾ ಕಾಳಿನ ಉಸಲಿ ಸೇರಿದರೆ ಅದೇ ತಿಂಡಿ ಬೇರೆಯಾಗುತ್ತದೆ. ಹೆಸರುಕಾಳಿನ ದೋಸೆ, ಕಡಲೆಹಿಟ್ಟಿನ ದೋಸೆ, ಮೊಳಕೆಕಾಳು, ಅರ್ಧಕ್ಕರ್ಧ ತರಕಾರಿ ಹಾಕಿದ ಗೋಧಿನುಚ್ಚಿನ ಉಪ್ಪಿಟ್ಟು ವಾರದಲ್ಲಿ ಮೂರ್ನಾಲ್ಕು ದಿನ ಬರಲಿ.

ಗೆಡ್ಡೆಗಳನ್ನು ತರಕಾರಿ ಎಂದು ಎಣಿಸಬೇಡಿ. ಆಲೂಗಡ್ಡೆ, ಮರಗೆಣಸು, ಸಿಹಿಗೆಣಸು ತಟ್ಟೆಗೆ ಬಂದರೆ ಅನ್ನದ ಪಾಲು ಅಷ್ಟು ಇಳಿಯಬೇಕು. ಏಕಾದಶಿಯ ಸಬ್ಬಕ್ಕಿಯಂತೂ ಬಹುತೇಕ ಅಪ್ಪಟ ಪಿಷ್ಟ. ಉಪವಾಸದ ಹೆಸರಿನಲ್ಲಿ ಸಬ್ಬಕ್ಕಿ ಕಿಚಡಿ, ಪಾಯಸ ತಿಂದರೆ ಊಟ ಮಾಡಿದ ದಿನಕ್ಕಿಂತ ಸಕ್ಕರೆ ಮೇಲೆ ಹೋಗಬಹುದು.

ಹಣ್ಣು: ಭಯವೂ ಬೇಡ, ಬುಟ್ಟಿಯೂ ಬೇಡ

ಹಣ್ಣನ್ನೇ ತೊರೆಯುವುದು ತಪ್ಪು. ನಾರು, ಜೀವಸತ್ವ ಬೇಕು. ಸೀಬೆ, ಪಪ್ಪಾಯ, ಕಿತ್ತಳೆ, ಮೂಸಂಬಿ, ನೇರಳೆ, ಸೇಬು, ದಾಳಿಂಬೆ ಇವುಗಳಲ್ಲಿ ಒಂದನ್ನು ಹಿಡಿಯಷ್ಟು, ದಿನಕ್ಕೆ ಒಂದೆರಡು ಸಲ, ಊಟದ ಮೇಲೆ ಹೇರದೆ ನಡುವೆ ತಿನ್ನಬಹುದು. ಮಾವು, ಹಲಸು, ಸಪೋಟ, ದ್ರಾಕ್ಷಿ, ಸೀತಾಫಲ, ಬಾಳೆಹಣ್ಣಿಗೆ ಕಡಿವಾಣವಿರಲಿ. ಬೇಸಿಗೆಯಲ್ಲಿ ಬಾದಾಮಿ, ರಸಪೂರಿ ಮಾವಿನ ಆಸೆ ಸಹಜ. ಸಕ್ಕರೆ ಹತೋಟಿಯಲ್ಲಿದ್ದರೆ ಒಂದೆರಡು ಹೋಳು ತಿಂದು, ಆ ಹೊತ್ತಿನ ಅನ್ನ ಅಷ್ಟು ಕಡಿಮೆ ಮಾಡಿ. ಸೀಕರಣೆ ಬೇಡ. ಬಾಳೆಯಲ್ಲಿ ಸಣ್ಣದೊಂದು ಏಲಕ್ಕಿ ಬಾಳೆ ಸಾಕು, ಕಳಿತು ಕಪ್ಪಾದ ದೊಡ್ಡ ಪಚ್ಚಬಾಳೆ ಬೇಡ. ಒಣದ್ರಾಕ್ಷಿ, ಖರ್ಜೂರಗಳಲ್ಲಿ ನೀರು ಹೋಗಿ ಸಕ್ಕರೆ ಸಾಂದ್ರವಾಗಿರುತ್ತದೆ ಎಂಬುದು ನೆನಪಿರಲಿ.

ಬೇಕರಿ, ಕುರುಕು, ಎಣ್ಣೆ, ಉಪ್ಪು

ಮಧುಮೇಹಿಯ ಶತ್ರು ಗ್ಲೂಕೋಸ್ ಒಂದೇ ಅಲ್ಲ. ಹೃದಯಾಘಾತ, ಪಾರ್ಶ್ವವಾಯು, ಮೂತ್ರಪಿಂಡ ವೈಫಲ್ಯದ ಅಪಾಯ ಇವರಲ್ಲಿ ಹೆಚ್ಚು. ಹಾಗಾಗಿ ಸಕ್ಕರೆ ಏರಿಸದ ಪದಾರ್ಥವೂ ಎಗ್ಗಿಲ್ಲದೆ ತಿನ್ನುವಂಥದ್ದಲ್ಲ.

ಸಂಜೆಯ ಕಾಫಿ ಜೊತೆ ಬರುವ ರಸ್ಕ್, ಬೆಣ್ಣೆ ಬಿಸ್ಕತ್ತು, ಖಾರಾ ಬನ್, ಪಫ್ಸ್‌ಗಳಲ್ಲಿ ಮೈದಾ, ಸಕ್ಕರೆ, ವನಸ್ಪತಿ ಮೂರೂ ಸೇರಿರುತ್ತವೆ. ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇ 2 ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಇದೆ. ಆದರೂ ಕರಿದ ಎಣ್ಣೆಯನ್ನೇ ಮತ್ತೆಮತ್ತೆ ಕಾಯಿಸುವ ಬಾಣಲೆಯಿಂದ ದೂರವಿರುವುದೇ ಕ್ಷೇಮ. ಬೋಂಡ, ಬಜ್ಜಿ, ಗೋಬಿ ಮಂಚೂರಿ, ಚಿಪ್ಸ್, ಚಕ್ಕುಲಿ, ನಿಪ್ಪಟ್ಟು ಅಪರೂಪವಾಗಲಿ. ಮನೆಯಲ್ಲಿ ಒಬ್ಬರಿಗೆ ತಿಂಗಳಿಗೆ ಸುಮಾರು ಅರ್ಧ ಲೀಟರ್ ಎಣ್ಣೆ ಎಂಬ ಅಂದಾಜು ಇಟ್ಟುಕೊಳ್ಳಿ. ಕುರುಕಲು ಬೇಕೆನಿಸಿದಾಗ ಒಂದು ಹಿಡಿ ಹುರಿದ ಶೇಂಗಾ, ಹುರಿಗಡಲೆ, ನಾಲ್ಕಾರು ಬಾದಾಮಿ ಸಾಕು.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅಡುಗೆಗೆ ಹಾಕಿದ್ದರ ಮೇಲೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಒಣಮೀನು ಸೇರಿದರೆ ಇದು ಗೊತ್ತಿಲ್ಲದೇ ದಾಟುತ್ತದೆ. ಮಾಂಸಾಹಾರಿಗಳಿಗೆ ಬಂಗುಡೆ, ಬೂತಾಯಿಯ ಸಾರು ಒಳ್ಳೆಯ ಆಯ್ಕೆ. ರವೆ ಹಚ್ಚಿ ಕರಿದದ್ದು ಅಪರೂಪಕ್ಕೆ. ಕೊಬ್ಬಿನ ಮಟನ್, ತಲೆಮಾಂಸ, ಬೋಟಿ ಕಡಿಮೆ ಮಾಡಿ. ಬಿರಿಯಾನಿಯಲ್ಲಿ ತೂಕ ಹೆಚ್ಚಿರುವುದು ಮಾಂಸದ್ದಲ್ಲ, ಅನ್ನದ್ದು.

ಮದ್ಯದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಸಕ್ಕರೆ ಇಳಿದಾಗ ಯಕೃತ್ತು ತನ್ನ ದಾಸ್ತಾನಿನಿಂದ ಗ್ಲೂಕೋಸ್ ಬಿಟ್ಟು ಕಾಪಾಡುತ್ತದೆ. ಮದ್ಯ ಒಳಗೆ ಹೋದರೆ ಅದನ್ನು ಕರಗಿಸುವುದರಲ್ಲೇ ಯಕೃತ್ತು ಮುಳುಗುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಗಂಟೆಗಳ ನಂತರ, ನಿದ್ದೆಯಲ್ಲೇ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಸುತ್ತಲಿನವರು ಅದನ್ನು ಅಮಲು ಎಂದುಕೊಂಡು ಮಲಗಲು ಬಿಡುತ್ತಾರೆ. ಮದ್ಯ ಬಿಡುವುದೇ ಸರಿ. ಖಾಲಿ ಹೊಟ್ಟೆಯಲ್ಲಿ ಎಂದಿಗೂ ಕೂಡದು.

ಪ್ಯಾಕೆಟ್ಟಿನ ಹಿಂಭಾಗ ಓದಿ

‘ಡಯಾಬಿಟಿಕ್ ಫ್ರೆಂಡ್ಲಿ’, ‘ಡೈಜೆಸ್ಟಿವ್’, ‘ಮಲ್ಟಿಗ್ರೇನ್’, ‘ನೋ ಆ್ಯಡೆಡ್ ಶುಗರ್’ ಎಂಬ ದಪ್ಪ ಅಕ್ಷರಗಳು ಮುಂಭಾಗದಲ್ಲಿರುತ್ತವೆ. ನಿಜ ಇರುವುದು ಹಿಂಭಾಗದ ಸಣ್ಣ ಅಕ್ಷರಗಳಲ್ಲಿ. ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ. ರಾಗಿ ಬಿಸ್ಕತ್ತು ಎಂದು ಕೊಂಡ ಪೊಟ್ಟಣ ತಿರುಗಿಸಿದಾಗ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ತಾಳೆ ಎಣ್ಣೆ, ರಾಗಿ ಅದರ ನಂತರ ಎಂದಿದ್ದರೆ ನೀವು ಕೊಂಡದ್ದು ಮೈದಾ ಬಿಸ್ಕತ್ತೇ.

ಸಕ್ಕರೆಗೆ ವೇಷಗಳೂ ಬಹಳ: ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್, ಮಾಲ್ಟೋಡೆಕ್ಸ್‌ಟ್ರಿನ್, ಕಾರ್ನ್ ಸಿರಪ್, ಮಾಲ್ಟ್ ಎಕ್ಸ್‌ಟ್ರಾಕ್ಟ್. ಪೌಷ್ಟಿಕಾಂಶದ ಕೋಷ್ಟಕದಲ್ಲಿ ‘ಶುಗರ್ಸ್’ ಸಾಲು ನೋಡಿ ನಿಲ್ಲಬೇಡಿ. ಅದರ ಮೇಲಿನ ‘ಟೋಟಲ್ ಕಾರ್ಬೊಹೈಡ್ರೇಟ್’ ಸಾಲು ಓದಿ. ಸಕ್ಕರೆ ಸೊನ್ನೆ ಇದ್ದು ಕಾರ್ಬೊಹೈಡ್ರೇಟ್ 65–70 ಗ್ರಾಂ ಇರುವ ಬಿಸ್ಕತ್ತುಗಳು ಅಂಗಡಿಯಲ್ಲಿ ಸಾಲುಸಾಲಾಗಿವೆ. ಕೊನೆಗೆ, ಆ ಅಂಕಿ 100 ಗ್ರಾಂಗೋ ಒಂದು ಸರ್ವಿಂಗ್‌ಗೋ ಎಂದೂ ನೋಡಿ.

ಹಬ್ಬ, ಮದುವೆ, ಉಪವಾಸ

ಯುಗಾದಿಯ ಒಬ್ಬಟ್ಟು, ಸಂಕ್ರಾಂತಿಯ ಎಳ್ಳು–ಬೆಲ್ಲ, ದೀಪಾವಳಿಯ ಕಜ್ಜಾಯ, ರಂಜಾನಿನ ಖರ್ಜೂರ–ಶರಬತ್ತು, ಕ್ರಿಸ್‌ಮಸ್ಸಿನ ಕುಸ್ವಾರ್ ಇವೆಲ್ಲ ಬದುಕಿನ ಭಾಗ. ಬೇವು–ಬೆಲ್ಲದ ಚಿಟಿಕೆಗೆ ಯಾರ ಸಕ್ಕರೆಯೂ ಕೆಡುವುದಿಲ್ಲ. ಕೆಡುವುದು ಹಬ್ಬ ಒಂದು ವಾರ ಡಬ್ಬಿಯಲ್ಲಿ ಉಳಿದಾಗ. ಹಬ್ಬದ ದಿನ ಒಂದೇ ಸಿಹಿ ಆರಿಸಿಕೊಳ್ಳಿ, ಅರ್ಧ ಹೋಳಿಗೆ ಸಾಕು, ಖಾಲಿ ಹೊಟ್ಟೆಗೆ ಬೇಡ, ಆ ಊಟದ ಅನ್ನ ಪೂರ್ತಿ ಬಿಡಿ, ಊಟವಾದ ಮೇಲೆ ಹದಿನೈದು ನಿಮಿಷ ನಡೆಯಿರಿ. ಉಳಿದ ಸಿಹಿಯನ್ನು ಅಂದೇ ಹಂಚಿಬಿಡಿ. ಬೆಳಗಾವಿಗೆ ಹೋದರೆ ಕುಂದಾ, ಗೋಕಾಕಿಗೆ ಹೋದರೆ ಕರದಂಟು, ಧಾರವಾಡಕ್ಕೆ ಹೋದರೆ ಪೇಡ ಕಟ್ಟಿಸಿಕೊಂಡು ಬರುವ ನೆಂಟರಿಗೆ ಒಂದು ಮಾತು: ಮಧುಮೇಹಿಗಳ ಮನೆಗೆ ಸೀಬೆಹಣ್ಣು, ಶೇಂಗಾ ಒಯ್ಯುವುದೂ ಪ್ರೀತಿಯೇ.

ಉಪವಾಸ, ರೋಜಾ ಇಡುವವರು ಮೊದಲೇ ವೈದ್ಯರ ಬಳಿ ಮಾತಾಡಿ ಮಾತ್ರೆ–ಇನ್ಸುಲಿನ್‌ನ ಪ್ರಮಾಣ, ಹೊತ್ತು ಬದಲಿಸಿಕೊಳ್ಳಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರು ದೀರ್ಘ ಉಪವಾಸ ಮಾಡಿದರೆ, ಧಾನ್ಯವನ್ನು ಪೂರ್ತಿ ನಿಲ್ಲಿಸಿದರೆ ಕೀಟೊಅಸಿಡೋಸಿಸ್ ಎಂಬ ಗಂಭೀರ ಸ್ಥಿತಿ ಬರುವ ಸಂಭವವಿದೆ.

ಸಕ್ಕರೆಯೇ ಔಷಧಿಯಾಗುವ ಹೊತ್ತು

ಬೆವರು, ಕೈ ನಡುಕ, ಎದೆಬಡಿತ, ಮಂಕು, ಸಿಟ್ಟು, ತಡೆಯಲಾರದ ಹಸಿವು ಕಾಣಿಸಿಕೊಂಡು ಸಕ್ಕರೆ 70ಕ್ಕಿಂತ ಕೆಳಗಿಳಿದಿದ್ದರೆ ಪಥ್ಯ ಪಕ್ಕಕ್ಕಿಡಿ. ಸುಮಾರು 15 ಗ್ರಾಂ ಗ್ಲೂಕೋಸ್ ಪುಡಿ ಅಥವಾ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕೂಡಲೇ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರಿರದಿದ್ದರೆ ಇನ್ನೊಮ್ಮೆ ಕುಡಿಯಿರಿ, ಸರಿಯಾದ ಮೇಲೆ ಊಟ ಮಾಡಿ. ಚಾಕೊಲೇಟ್ ಇಲ್ಲಿ ಕೆಲಸಕ್ಕೆ ಬಾರದು, ಅದರ ಕೊಬ್ಬು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ. ಅಕಾರ್ಬೋಸ್, ವೊಗ್ಲಿಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆಯೂ ಬೇಗ ದಕ್ಕುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಇದೇ ಕಾರಣಕ್ಕೆ, ಈ ಲೇಖನ ಓದಿ ನಾಳೆಯಿಂದಲೇ ಅನ್ನವನ್ನು ಕಾಲು ಭಾಗಕ್ಕೆ ಇಳಿಸುವವರು ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಗರ್ಭಿಣಿಯರು, ಟೈಪ್ 1 ಮಧುಮೇಹದ ಮಕ್ಕಳು, ಮೂತ್ರಪಿಂಡದ ತೊಂದರೆ ಇರುವವರ ಆಹಾರ ಕ್ರಮವೇ ಬೇರೆ. ಹಾಗಲಕಾಯಿ, ಮೆಂತ್ಯ, ನೇರಳೆ ಬೀಜ ಊಟದ ಜೊತೆಗಿರಲಿ, ಮಾತ್ರೆಯ ಜಾಗಕ್ಕೆ ಬರದಿರಲಿ. ಅವುಗಳನ್ನು ನಂಬಿ ಮಾತ್ರೆ ನಿಲ್ಲಿಸಿದವರು ಕಣ್ಣು, ಕಾಲು ಕಳೆದುಕೊಳ್ಳುವ ಹಂತಕ್ಕೆ ಹೋಗಬಹುದು.

ನಿಮ್ಮ ದೇಹವನ್ನೇ ಕೇಳಿ

ಒಬ್ಬರಿಗೆ ಒಗ್ಗುವ ಎರಡು ದೋಸೆ ಇನ್ನೊಬ್ಬರಿಗೆ ಒಗ್ಗುವುದಿಲ್ಲ. ಅದನ್ನು ತಿಳಿಯಲು ಗ್ಲೂಕೋಮೀಟರ್ ಸಾಕು. ತಿಂಡಿಗೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ಪರೀಕ್ಷಿಸಿ, ತಿಂದದ್ದನ್ನೂ ಅಂಕಿಯನ್ನೂ ಪುಸ್ತಕದಲ್ಲಿ ಬರೆಯಿರಿ. ಎರಡನೇ ಅಂಕಿ ಸಾಮಾನ್ಯವಾಗಿ 180ರ ಒಳಗಿರಬೇಕು. ವೈದ್ಯರು ನಿಮಗೆ ಬೇರೆ ಗುರಿ ಕೊಟ್ಟಿದ್ದರೆ ಅದನ್ನು ಅನುಸರಿಸಿ. ಒಂದು ದಿನ ಮೂರು ದೋಸೆ–ಚಟ್ನಿ, ಇನ್ನೊಂದು ದಿನ ಎರಡು ದೋಸೆ–ಕಾಳಿನ ಪಲ್ಯ ತಿಂದು ಹೋಲಿಸಿ. ಯಾರ ಉಪದೇಶಕ್ಕಿಂತಲೂ ಆ ಪುಸ್ತಕದ ಅಂಕಿಗಳು ನಿಮ್ಮನ್ನು ಬೇಗ ಒಪ್ಪಿಸುತ್ತವೆ. ವೈದ್ಯರ ಭೇಟಿಗೆ ಅದನ್ನು ಒಯ್ದರೆ ಅವರ ಸಲಹೆಯೂ ನಿಮ್ಮ ಅಡುಗೆಮನೆಗೆ ತಕ್ಕಂತೆ ಬರುತ್ತದೆ.

ಎಲ್ಲವನ್ನೂ ಒಂದೇ ದಿನ ಬದಲಿಸಲು ಹೊರಟರೆ ಹದಿನೈದು ದಿನಕ್ಕೆ ಬೇಸತ್ತು ಬಿಡುತ್ತೀರಿ. ಮೊದಲು ಲೋಟದ ಸಕ್ಕರೆ ನಿಲ್ಲಲಿ. ಆಮೇಲೆ ಅನ್ನಕ್ಕೆ ಬಟ್ಟಲಿನ ಅಳತೆ ಬರಲಿ. ಮೂರನೆಯದಾಗಿ ತಿಂಡಿಗೆ ಕಾಳು ಸೇರಲಿ. ಬೇಕರಿ, ಉಪ್ಪು, ಎಣ್ಣೆ ಅದರ ಹಿಂದೆ.

ಈ ಬದಲಾವಣೆ ಒಬ್ಬರ ತಟ್ಟೆಗೆ ಸೀಮಿತವಾದರೆ ಉಳಿಯುವುದಿಲ್ಲ. ಅಪ್ಪನಿಗೆ ಬೇರೆ, ಮಿಕ್ಕವರಿಗೆ ಬೇರೆ ಎಂದು ಎರಡು ಅಡುಗೆ ಮಾಡುವ ಮನೆಯಲ್ಲಿ ಅಡುಗೆ ಮಾಡುವವರು ದಣಿಯುತ್ತಾರೆ, ತಿನ್ನುವವರು ಒಂಟಿಯಾಗುತ್ತಾರೆ. ತಂದೆ–ತಾಯಿಗೆ ಮಧುಮೇಹವಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಹಾಗಾಗಿ ಸೊಪ್ಪು ಹೆಚ್ಚು, ಅನ್ನ ಕಡಿಮೆ, ಸಿಹಿ ಅಪರೂಪ ಎಂಬ ಊಟ ಇಡೀ ಮನೆಗೆ ಬೇಕಾದದ್ದೇ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಉಚಿತವಾಗಿ ನಡೆಯುತ್ತದೆ. ಮನೆಯಲ್ಲೊಬ್ಬರಿಗೆ ಸಕ್ಕರೆ ಕಾಯಿಲೆ ಇದ್ದರೆ ಉಳಿದವರೂ ಈ ವಾರವೇ ಹೋಗಿ ಪರೀಕ್ಷಿಸಿಕೊಳ್ಳಿ.